ಕುಣಿಮಗ್ಗದ ಹಿರಿಯ

ರಾಮದುರ್ಗ ಇನ್ನೂ ಸಂಸ್ಥಾನವಾಗಿದ್ದ ಕಾಲ. ನಮ್ಮದು ಕುಣಿಮಗ್ಗದ ಮನೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಆ ಕುಣಿಯ ಗೋಡೆಯಲ್ಲೊಂದು ಬಿಲ, ಬಿಲದಲ್ಲೊಂದು ಅಂಗೈಯಗಲದ, ಮೈತುಂಬ ಕೂದಲಿನ ಜೇಡ. ಬೇರೆಯವರಾಗಿದ್ದರೆ ಕಂಡ ದಿನವೇ ಕೆರವಿನಿಂದ ಬಡಿದು ಹಾಕುತ್ತಿದ್ದರು. ನಮ್ಮಲ್ಲಿ ಅದಕ್ಕೆ ಮರ್ಯಾದೆ. ಜೇಡ ಅಂದರೆ ನೇಯುವವನು ಅಂತಲೇ ಅರ್ಥ. ನೇಕಾರರಾದ ನಮ್ಮನ್ನೂ ಹಳಬರು ಜೇಡರು ಅಂತಲೇ ಕರೆಯುತ್ತಿದ್ದರು. ಹಾಗಾಗಿ ಅದು ಮನೆಯ ಹಿರಿಯ. ಮಗ್ಗಕ್ಕೆ ಕೂಡುವ ಮುಂಚೆ ಅಪ್ಪ ದಿನಾ ಬಿಲದ ಕಡೆ ಕೈ ಮುಗಿಯುತ್ತಿದ್ದ. ಈ ಹಿರಿಯ ಒಂದೆಳೆಯನ್ನೂ ನೇಯದೆ ಬಿದ್ದುಕೊಂಡಿರುತ್ತಾನೆ ಎಂದು ಅಕ್ಕ ನಗಾಡುತ್ತಿದ್ದಳು.

ಒಂದು ಮಳೆಗಾಲದ ಮಧ್ಯಾಹ್ನ, ಬೈಲಹೊಂಗಲದ ಸಂತೆಗೆ ಹೋಗಬೇಕಿದ್ದ ಸೀರೆ ನೇಯುತ್ತಿದ್ದ ಅಕ್ಕ, ಕಾಲಿಗೆ ಏನೋ ಚುಚ್ಚಿತೆಂದು ಎದ್ದಳು. ನಾನು ಪಕ್ಕದಲ್ಲೇ ನೂಲು ಸುತ್ತುತ್ತಿದ್ದೆ. ಅಪ್ಪ ಬಂದು ಬಗ್ಗಿ ನೋಡಿದಾಗ ಜೇಡ ಬಿಲದ ಹೊರಗಿತ್ತು. ಅವನ ಗಾಬರಿ ಇಳಿಯಿತು.

"ನಮ್ಮ ಹಿರ್ಯಾ ಮುಟ್ಟ್ಯಾನ. ಅವನ ವಿಷ ನಮಗ ಏರಂಗಿಲ್ಲವ್ವಾ," ಅಂದ.

ಅವ್ವ ಅರಿಶಿನ ಹಚ್ಚಿದಳು. ನೋವೂ ಇಲ್ಲ, ಬಾವೂ ಇಲ್ಲ. ಹೊಳೆಯಾಚೆ ಹಾವಿನ ಔಷಧ ಕೊಡುವವರೊಬ್ಬರಿದ್ದರು, ಕರೆಸೋಣವೇ ಎಂದು ಅವ್ವ ಕೇಳಿದ್ದಕ್ಕೆ, ಮನೆಯ ಹಿರಿಯನ ಮೇಲೆ ಹೊರಗಿನವರಿಗೆ ದೂರು ಹೇಳುತ್ತಾರೆಯೇ ಎಂದು ಅಪ್ಪ ಗದರಿದ. ಅಕ್ಕ ಮತ್ತೆ ಮಗ್ಗಕ್ಕೆ ಕೂತಳು.

ದೀಪ ಹಚ್ಚುವ ಹೊತ್ತಿಗೆ ಅವಳಿಗೆ ರೆಪ್ಪೆ ಎತ್ತಲಾಗಲಿಲ್ಲ. ನಿದ್ದೆ ಬರುತ್ತಿದೆ ಎಂದು ತೊದಲಿದಳು. ಅಪ್ಪ ಹೊಳೆಯ ಕಡೆ ಓಡಿದ. ಅವನು ತಿರುಗಿ ಬರುವುದರೊಳಗೆ ಅವ್ವನ ತೊಡೆಯ ಮೇಲೆಯೇ ಅಕ್ಕನ ಉಸಿರು ನಿಂತಿತ್ತು.

ಜೇಡ ಕಚ್ಚಿ ಯಾರೂ ಸಾಯುವುದಿಲ್ಲ ಎಂದು ನೆರೆಯವರು, ಮಣ್ಣು ಮಾಡಿ ಬಂದ ಮೇಲೆ, ಕುಣಿಯೊಳಗಿನ ಹಲಗೆ ಎತ್ತಿ ನೋಡಿದರು. ಅಡಿಯಲ್ಲಿ ಬಿಳಿ ಪಟ್ಟೆಯ ಕರಿ ಹಾವು, ಕಚ್ಚಿದರೂ ನೋವು ಬಾವು ಕಾಣಿಸದಂಥದ್ದು, ಸುತ್ತಿಕೊಂಡು ಮಲಗಿತ್ತು. ಅದಕ್ಕೆ ಹೆದರಿಯೇ ಜೇಡ ಬಿಲ ಬಿಟ್ಟಿತ್ತೋ ಏನೋ. ಆ ಔಷಧದಿಂದ ಅಕ್ಕ ಉಳಿಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಹೆಸರನ್ನು ನಂಬಿ ಇಡೀ ಮಧ್ಯಾಹ್ನ ಕಳೆದುಬಿಟ್ಟರಲ್ಲ ಎಂಬ ಸಿಟ್ಟು ಮಾತ್ರ ಈ ವಯಸ್ಸಿನಲ್ಲೂ ಆರಿಲ್ಲ.

ಮಗ್ಗದ ಮೇಲಿನ ಸೀರೆಯನ್ನು ಅರ್ಧಕ್ಕೆ ಕೊಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಕೆಲವು ದಿನಗಳಾದ ಮೇಲೆ ಅಪ್ಪನೇ ಆ ಕುಣಿಗೆ ಕಾಲಿಳಿಬಿಟ್ಟ. ರೂಢಿಯಂತೆ ಕೈ ಮುಗಿಯಲು ಹೋದ. ಜೇಡ ಬಿಲದ ಬಾಯಲ್ಲೇ ಕೂತಿತ್ತು.

ಅವ್ವ ಬಾಗಿಲಲ್ಲಿ ನಿಂತಿದ್ದಳು.

"ತಾ ಕಚ್ಚಿಲ್ಲಂತ ಅದಕ್ಕ ಗೊತ್ತಿತ್ತಲ್ರಿ," ಅಂದಳು. "ನಮ್ಮ ಹಿರ್ಯಾನ ಆಗಿದ್ರ, ಒಂದ ಮಾತು ಹೇಳಬಾರದಿತ್ತೇನ್ರಿ?"

ಅಪ್ಪ ಎತ್ತಿದ ಕೈ ಇಳಿಸಿದ. ಲಾಳಿ ತೆಗೆದುಕೊಂಡು, ಅಕ್ಕ ಬಿಟ್ಟ ಎಳೆಯಿಂದ ಮುಂದಕ್ಕೆ ನೇಯತೊಡಗಿದ.