ಅಮ್ಮನ ಹೆಸರಿನಲ್ಲಿ ಒತ್ತಿದ ಹೆಬ್ಬೆಟ್ಟು

ಚಿಕ್ಕಪ್ಪನ ಮುಂದಿನ ಎರಡು ಹಲ್ಲು ಉದುರಿಸಿದವನು ನಾನೇ. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಮೊದಲು ಮಾಡಬೇಕಾದ ಕೆಲಸ ಅದಾಗಿರಲಿಲ್ಲ, ಅಷ್ಟನ್ನು ಒಪ್ಪುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಅರಿಶಿನಕುಂಟೆಯ ಹತ್ತಿರ, ಹೆದ್ದಾರಿಗೆ ಅಂಟಿಕೊಂಡಂತೆ ಅಮ್ಮನ ಹೆಸರಿನಲ್ಲಿ ಒಂದೂವರೆ ಎಕರೆ ಹೊಲವಿತ್ತು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ನಾವು ಉಣ್ಣುತ್ತಿದ್ದ ರಾಗಿಯೆಲ್ಲ ಅಲ್ಲಿಯದೇ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ತೆನೆ ಕಟ್ಟಿದ ಪೈರನ್ನು ತುಳಿದು ಹಾಕಿ ನಾಲ್ಕೈದು ಜನ ಕಲ್ಲುಕಂಬ ನೆಡುತ್ತಿದ್ದರು. ಅಡ್ಡ ಹೋದ ನನ್ನ ಎದೆಗೆ ಒಬ್ಬ ಗುದ್ದಲಿಯ ಕಾವಿನಿಂದ ತಿವಿದ. ಇನ್ನೊಬ್ಬ ಕ್ರಯಪತ್ರದ ನಕಲು ತೋರಿಸಿದ. ಮಾರಿದವಳು ಅಮ್ಮ! ಅಮ್ಮನ ಹೆಸರು, ಅದರ ಮುಂದೆ ಇಂಥವರ ಹೆಂಡತಿ ಎನ್ನಲು 'ಕೋಂ' ಎಂದು ಬರೆದು ಅಪ್ಪನ ಹೆಸರು, ಕೆಳಗೆ ಹೆಬ್ಬೆಟ್ಟು. ಮಾರಿದವಳು ಈಕೆಯೇ ಎಂದು ಗುರುತಿಸಿ ಸಾಕ್ಷಿ ಹಾಕಿದವನು ಅಪ್ಪನ ಒಡಹುಟ್ಟಿದ ತಮ್ಮ. ಅಮ್ಮ ನೋಂದಣಿ ಕಚೇರಿಯ ಮೆಟ್ಟಿಲನ್ನೇ ತುಳಿದವಳಲ್ಲ.

ನೆಟ್ಟಗೆ ಚಿಕ್ಕಪ್ಪನ ಮನೆಗೆ ಹೋದೆ. ಉಣ್ಣುತ್ತಾ ಕೂತಿದ್ದ. ಪಕ್ಕದಲ್ಲಿದ್ದ ಹಿತ್ತಾಳೆ ಚೊಂಬನ್ನೇ ಎತ್ತಿ ಬಾಯಿಗೆ ಅಪ್ಪಳಿಸಿದೆ. ಮುದ್ದೆಯ ಮೇಲೆ ಸಾರಿಗಿಂತ ಹೆಚ್ಚು ರಕ್ತ ಬಿತ್ತು. ಚಿಕ್ಕಮ್ಮ ಒನಕೆ ಬೀಸಿದಳು. ನನ್ನ ಹೆಗಲು ಈಗಲೂ ಚಳಿಗೆ ನೋಯುತ್ತದೆ. ಸಂಜೆಗೆ ಪೊಲೀಸರು ಬಂದರು, ಅವನನ್ನು ಹಿಡಿಯಲು ಅಲ್ಲ, ನನ್ನನ್ನು. ಎರಡು ದಿನ ಅಂಗಾಲಿಗೆ ಲಾಠಿ ಏಟು ತಿಂದೆ. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ನಮ್ಮ ಮೂಗೇ ಹೋಗುವುದರಲ್ಲಿತ್ತು.

ಜಾಮೀನಿನ ಮೇಲೆ ಹೊರಬಂದಾಗ ತಾಲ್ಲೂಕು ಕಚೇರಿಯ ಮುಂದೆ ಕೂರುವ ಮುದುಕ ಪತ್ರಬರಹಗಾರ ಬೈದ. "ಹಲ್ಲು ಉದುರ್ಸೋಕ್ ಮುಂಚೆ ಒಂದ್ ತಕರಾರು ಅರ್ಜಿ ಕೊಡ್ಬಾರ್ದೇನಪ್ಪಾ? ಖಾತೆ ಬದ್ಲಾವಣೆ ನೋಟೀಸು ಚಾವಡೀಲಿ ಅಂಟ್ಸವ್ರೆ. ನಾಳೀಕೆ ಗಡುವು ಮುಗೀತದೆ."

ಖಾತೆ ಒಮ್ಮೆ ಕೊಂಡವರ ಹೆಸರಿಗೆ ಹೋದರೆ ಹೊಲ ಬಿಡಿಸಿಕೊಳ್ಳಲು ನನ್ನ ಆಯುಸ್ಸು ಸಾಲದು ಎಂದ. ಅರ್ಜಿ ಬರೆಯುತ್ತಲೇ ಇನ್ನೊಂದು ಮಾತು ಹೇಳಿದ. ಕ್ರಯಪತ್ರ ನೋಂದಣಿಯಾದ ದಿನ ಈ ಮುದುಕನೂ ಅಲ್ಲಿದ್ದನಂತೆ. ತಲೆ ತುಂಬ ಸೆರಗು ಹೊದ್ದು ಬಂದ ಹೆಂಗಸು, ಸಾಹೇಬರು ಕೇಳುತ್ತಿದ್ದಂತೆ ಗಂಡನ ಹೆಸರನ್ನು ಪಟಪಟನೆ ಹೇಳಿದಳಂತೆ. ಅದನ್ನು ಕೇಳಿ ನನಗೆ ಧೈರ್ಯ ಬಂತು. ನಮ್ಮ ಕಡೆಯ ಹೆಂಗಸು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೆ? ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಅಪ್ಪ ಹೋಗಿ ಇಷ್ಟು ವರ್ಷವಾದರೂ ಅಮ್ಮ ಆ ಹೆಸರನ್ನು ತುಟಿಗೆ ತಂದಿರಲಿಲ್ಲ. ಕಳ್ಳಿ ಸಿಕ್ಕಿಬಿದ್ದಳು ಅಂದುಕೊಂಡೆ. ಎಂಥ ದಡ್ಡ ನಾನು.

ಹದಿನೈದು ದಿನದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಆ ಅರ್ಜಿಯ ವಿಚಾರಣೆ. ಅಧಿಕಾರಿ ಅಮ್ಮನನ್ನೂ ಗಂಡನ ಹೆಸರನ್ನೇ ಕೇಳಿದರು. ಅಮ್ಮ ತಲೆ ತಗ್ಗಿಸಿ, ಮಗ ಹೇಳಲಿ ಎಂದು ರೂಢಿಯಂತೆ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆದರೆ ಅಧಿಕಾರಿ ಗದರಿದರು, ಆಕೆಯೇ ಹೇಳಬೇಕು ಎಂದರು. ಮತ್ತೆ ಕೇಳಿದರು. ಅಮ್ಮ ಬೆವರಿದಳೇ ಹೊರತು ಮಾತಾಡಲಿಲ್ಲ. ಉತ್ತರವಿಲ್ಲ ಎಂದು ಗುಮಾಸ್ತ ಬರೆದುಕೊಂಡ.

ಚಿಕ್ಕಪ್ಪ ಬಾಯಿಗೆ ಬಟ್ಟೆ ಹಿಡಿದು ನಿಂತಿದ್ದ. ಇಪ್ಪತ್ತು ವರ್ಷ ಈ ಅತ್ತಿಗೆಯ ಕೈಯಲ್ಲೇ ಉಂಡವನು. ಅವಳೇಕೆ ಸುಮ್ಮನಿದ್ದಾಳೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ನೋಡಿ ಸ್ವಾಮಿ, ಗಂಡನ ಹೆಸ್ರೇ ಗೊತ್ತಿಲ್ಲ," ಎಂದ. "ಇವ್ಳೇ ಡೂಪ್ಲಿಕೇಟು."

ಅವನನ್ನು ಕೊಂದುಬಿಡಬೇಕು ಅನ್ನಿಸಿತು. ನಾನು ಮುನ್ನುಗ್ಗುವಷ್ಟರಲ್ಲಿ ಅಮ್ಮ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಿದ್ದಳು. ಅಪ್ಪನದು ನಾಲ್ಕಕ್ಷರದ ಹೆಸರು. ಅಕ್ಷರಕ್ಕೊಂದರಂತೆ ಮೈದುನನ ಮುಖಕ್ಕೆ ಬಾರಿಸುತ್ತಾ ಪೂರ್ತಿ ಹೇಳಿದಳು. ಪೇದೆ ಓಡಿಬಂದು ಹಿಡಿಯುವ ಹೊತ್ತಿಗೆ ಹೆಸರು ಮುಗಿದಿತ್ತು. ಅಧಿಕಾರಿ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಪತ್ರದ ಹೆಬ್ಬೆಟ್ಟಿನೊಂದಿಗೆ ತಾಳೆ ನೋಡಲು ಕಳಿಸಿದರು. ಎರಡೂ ಬೇರೆ ಬೇರೆ ಎಂದು ವರದಿ ಬಂತು, ಖಾತೆ ಬದಲಾಗಲಿಲ್ಲ. ಅದೆಲ್ಲ ಆಮೇಲಿನ ಮಾತು.

ಆ ದಿನ ಹೊರಗೆ ಬಂದು ಹೊಂಗೆ ಮರದ ಕೆಳಗೆ ಕೂತವಳೇ ಅಮ್ಮ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳತೊಡಗಿದಳು. ತುಟಿ ಒಡೆದು ರಕ್ತ ಬಂತು. ಕೈ ಹಿಡಿದೆ, ಕೊಸರಿಕೊಂಡು ಮತ್ತೆ ಹೊಡೆದುಕೊಂಡಳು. ಹೊಲ ಉಳಿಯುತ್ತದಲ್ಲಮ್ಮ ಎಂದೆ.

"ಆ ಹೆಂಗ್ಸೂ ಹೇಳುದ್ಲು, ನಾನೂ ಹೇಳ್ದೆ," ಎಂದಳು. "ಅವ್ಳ್ಗೂ ನಂಗೂ ಇನ್ನೇನ್ಲಾ ಫರಕು ಉಳೀತು?"