ದಾರಿ ತಪ್ಪಿದವರ ಬೆಂಚು

ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ ಅವಳು ಮೊದಲು ಮಾಡುವ ಕೆಲಸ, ಮನೆ ಮುಂದಿನ ಮರದ ಬೆಂಚನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಜ್ವರ ಬಂದ ದಿನವೂ ಅದನ್ನು ತಪ್ಪಿಸಿದವಳಲ್ಲ. ಒರೆಸುತ್ತಲೇ ದೇವರ ಹತ್ತಿರ ಒಂದು ಮಾತು: "ಅಪ್ಪಾ, ಇವತ್ತು ಯಾರಾದ್ರೂ ದಾರಿ ತಪ್ಪೋದಿದ್ರೆ ಹಸಿದವರೇ ತಪ್ಪಲಿ."

ದೇವರೂ ನಡೆಸಿಕೊಡುತ್ತಿದ್ದ. ಓಣಿಯಲ್ಲಿ ಅವಳದೇ ಕೊನೆಯ ಮನೆ. ಅದರಾಚೆ ಕಾಲುವೆ. ಕಾಲುವೆಗೆ ಸೇತುವೆ ಇಲ್ಲ, ಅಡ್ಡಲಾಗಿ ಒಂದು ದಪ್ಪ ನೀರಿನ ಪೈಪು ಇದೆ, ಅಷ್ಟೇ. ಆಕಾಶದಿಂದ ತೆಗೆದ ಚಿತ್ರ ನೋಡಿ ನಕ್ಷೆ ಬರೆದ ಯಾರೋ ಪುಣ್ಯಾತ್ಮರಿಗೆ ಆ ಪೈಪು ಸೇತುವೆಯಂತೆ ಕಂಡಿತ್ತು. ಅಂದಿನಿಂದ ಫೋನಿನ ಮಾತು ನಂಬಿ ಪಟ್ಟಣಕ್ಕೆ ಹೊರಟ ಕಾರುಗಳು ಹೆದ್ದಾರಿ ಬಿಟ್ಟು ಈ ಓಣಿಗೆ ಇಳಿದು, ಅವಳ ಹುಲ್ಲಿನ ಬಣವೆಗೆ ಮುತ್ತಿಡುವಷ್ಟು ಹತ್ತಿರ ಬಂದು ನಿಲ್ಲುತ್ತಿದ್ದವು. ಅಲ್ಲಿ ಕಾರು ತಿರುಗಿಸುವುದೆಂದರೆ ದೊಡ್ಡ ಹೆಣಗಾಟ. ಗಂಡ ಹಿಂದೆ ಮುಂದೆ ಮಾಡುತ್ತ ಬೆವರುವಾಗ ಹೆಂಡತಿ ಇಳಿದು ಬಂದು ಬೆಂಚಿನ ಮೇಲೆ ಕೂರುವಳು. ಕೂತ ಮೇಲೆ ಚಹಾ ಬೇಕು, ಚಹಾ ಕುಡಿದ ಮೇಲೆ ಬೇಯಿಸಿದ ಮೊಟ್ಟೆ ಬೇಕು. ಬೆಂಚಿನ ಒಡತಿಯ ಗಂಡ ತೀರಿಕೊಂಡ ಮೇಲೆ ಅವಳ ಸಂಸಾರದ ಬಂಡಿ ಹೀಗೆ ಅಡ್ಡದಾರಿ ಹಿಡಿದವರ ಮೇಲೆಯೇ ಉರುಳುತ್ತಿತ್ತು.

ಊರು ಅವಳನ್ನು ಬೆಂಚಕ್ಕ ಎನ್ನುತ್ತಿತ್ತು. ಹೊಟ್ಟೆಪಾಡು ಸರಿಯೇ, ಆದರೆ ಅವಳಿಗೆ ಅದಕ್ಕಿಂತ ರುಚಿಸುತ್ತಿದ್ದುದು ಬಂದವರ ಮಾತು. ದಾರಿ ತಪ್ಪಿದವರು ಸುಳ್ಳು ಹೇಳುವುದಿಲ್ಲ ಎಂಬುದು ಅವಳ ಅನುಭವ. ಅರ್ಧ ಲೋಟ ಇಳಿಯುವಷ್ಟರಲ್ಲಿ ಅತ್ತೆಯ ಕೋಪ, ಮಗಳ ಪರೀಕ್ಷೆ, ಬೆನ್ನುನೋವು ಎಲ್ಲ ಹೊರಬೀಳುತ್ತಿತ್ತು. ಅವಳು ಹೂಂಗುಡುತ್ತ ಕೇಳುವಳು. ಎದುರು ಮನೆಯ ಓರಗಿತ್ತಿ ಮಾತ್ರ ಮೂಗು ಮುರಿಯುವಳು.

"ನಿಂದು ಒಳ್ಳೆ ವ್ಯಾಪಾರ. ಜೇಡ ಆದ್ರೂ ಕಷ್ಟಪಟ್ಟು ಬಲೆ ನೇಯುತ್ತೆ."

"ನಾನೂ ಕಷ್ಟಪಟ್ಟು ಬೆಂಚು ಒರೆಸ್ತೀನಲ್ಲಮ್ಮ."

ಬೇಸಿಗೆಯ ಮೊದಲಿಗೆ ಅವಳ ಮಹಡಿಯ ಕೋಣೆಗೆ ಪಟ್ಟಣದವನೊಬ್ಬ ಎರಡು ತಿಂಗಳ ಮಟ್ಟಿಗೆ ಬಾಡಿಗೆಗೆ ಬಂದ. ಕಂಪ್ಯೂಟರ್ ಒಂದಿದ್ದರೆ ಎಲ್ಲಿ ಕೂತರೂ ತನ್ನ ಕೆಲಸ ನಡೆಯುತ್ತದೆ ಎಂದ. ಎಲ್ಲಿ ಕೂತರೂ ನಡೆಯಲಿಲ್ಲ. ಕಿಟಕಿಯ ಹತ್ತಿರ ನೆಟ್‌ವರ್ಕ್ ಇತ್ತು, ಬಿಸಿಲೂ ಇತ್ತು. ಗೋಡೆಯ ಹತ್ತಿರ ನೆರಳಿತ್ತು, ನೆಟ್‌ವರ್ಕ್ ಇರಲಿಲ್ಲ. ಮೇಜು ಕೋಣೆಯ ತುಂಬ ಓಡಾಡಿತು. ಕೆಳಗೆ ಅಡುಗೆ ಮನೆಯಲ್ಲಿದ್ದವಳಿಗೆ ತಲೆಯ ಮೇಲೆ ಎಮ್ಮೆ ಮಗ್ಗುಲು ಬದಲಿಸಿದಂಥ ಸದ್ದು. ಕೊನೆಗೆ ಅವಳ ಹಳೆಯ ಹೊದಿಕೆ ಕಿಟಕಿಗೆ ಪರದೆಯಾಯಿತು, ಮೇಜಿನ ಕುಂಟು ಕಾಲಿಗೆ ಇಟ್ಟಿಗೆ ಸಿಕ್ಕಿತು. ಮೀಟಿಂಗಿನ ನಡುವೆ ಕೋಳಿ ಕೂಗಿದರೆ ಕ್ಷಮೆ ಕೇಳುವುದನ್ನು ಅವನು ಬಿಟ್ಟ ದಿನ, ಹುಡುಗ ಒಗ್ಗಿದ ಎಂದುಕೊಂಡಳು. ಹಲ್ಲಿಯ ಭಯ ಮಾತ್ರ ಹೋಗಲಿಲ್ಲ.

"ಅಕ್ಕ, ಅದು ನನ್ನನ್ನೇ ನೋಡ್ತಿದೆ."

"ನಿನಗಿಂತ ಹಳೇ ಬಾಡಿಗೆದಾರ ಅದು. ಹೊಸಬ ಯಾರು ಅಂತ ನೋಡುತ್ತೆ, ಅಷ್ಟೇ."

ಏನು ಕೆಲಸ ನಿಂದು ಎಂದು ಒಮ್ಮೆ ಕೇಳಿದಳು.

"ನಕ್ಷೆ ತಿದ್ದೋದು. ಮೇಲಿಂದ ಭೂಮಿ ನೋಡಿ, ಎಲ್ಲಿ ತಪ್ಪಿದೆ ಅಂತ ಹುಡುಕಿ ಸರಿ ಮಾಡೋದು."

"ಅದು ದೇವರ ಕೆಲಸ ಅಂದ್ಕೊಂಡಿದ್ದೆ. ಅವನೂ ಹೊರಗೆ ಗುತ್ತಿಗೆ ಕೊಟ್ಟುಬಿಟ್ನಾ?"

ನಕ್ಷೆ ಎಂದರೆ ಶಾಲೆಯ ಗೋಡೆಗೆ ತೂಗುಹಾಕುವ ಹಾಳೆ ಎಂದೇ ಅವಳು ತಿಳಿದಿದ್ದಳು. ಫೋನಿನೊಳಗೆ ದಾರಿ ಹೇಳುವ ಹೆಂಗಸಿಗೂ ಇವನಿಗೂ ನಂಟಿರಬಹುದೆಂದು ಹೊಳೆಯಲಿಲ್ಲ. ಅವನಿಗೋ, ಕಿಟಕಿಯಿಂದ ಕಾಣುತ್ತಿದ್ದುದು ಬೇರೆಯೇ: ಸುಡು ಬಿಸಿಲಲ್ಲಿ ಕೈ ಬೀಸುತ್ತ "ಹಿಂದೆ, ಇನ್ನೂ ಹಿಂದೆ" ಎಂದು ಕೂಗುವ ಹೆಂಗಸು, ಕಾರು ತಾಗಿ ಜರಿದ ಬಣವೆ. ಸೂರಿನಡಿಯ ಬೆಂಚಿನ ವ್ಯಾಪಾರ ಅಲ್ಲಿಂದ ಕಾಣದು. ಪಾಪ, ಎಂಥ ಕಾಟ ಇವರಿಗೆ ಎಂದು ಮರುಗುತ್ತಿದ್ದ.

ಸಂಜೆ ಕೆಲಸ ಮುಗಿದರೆ ಸುತ್ತಾಟ. ಪಾಳುಬಿದ್ದ ಇಟ್ಟಿಗೆ ಗೂಡು, ಬಿದಿರು ಮೆಳೆ, ಕಾಲುವೆಯ ದಂಡೆ, ಒಂದನ್ನೂ ಬಿಡಲಿಲ್ಲ. ಪ್ಯಾಂಟಿಗೆ ಅಂಟಿದ ಮುಳ್ಳುಬೀಜಗಳನ್ನು ಬೆಂಚಿನ ಮೇಲೆ ಕೂತು ಕೀಳುತ್ತ, ಹುಟ್ಟಿದಾಗಿನಿಂದ ಅಲ್ಲೇ ಇದ್ದವಳಿಗೆ ಅವಳ ಊರನ್ನೇ ವರ್ಣಿಸುವನು. ಒಂದು ಸಂಜೆ ಸೊಂಟದವರೆಗೆ ನೆನೆದು ಬಂದ. ಮುಖದಲ್ಲಿ ಮಾತ್ರ ಗೆದ್ದು ಬಂದವನ ಕಳೆ.

"ಅಕ್ಕ, ಅದು ಸೇತುವೆನೇ ಅಲ್ಲ."

"ಬಿದ್ದ ಮೇಲೆ ಗೊತ್ತಾಯ್ತಾ?"

ಅವನು ನಕ್ಕು ಮೆಟ್ಟಿಲು ಹತ್ತಿದ.

ಕೆಲವು ದಿನ ಕಳೆದವು. ಓಣಿಗೆ ಕಾರು ಬರುವುದು ನಿಂತೇಹೋಯಿತು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬೇಯಿಸಿದ ಮೊಟ್ಟೆ ಹಾಳಾಗಬಾರದೆಂದು ಬಾಡಿಗೆಯವನಿಗೆ ಎರಡು ಹೊತ್ತೂ ಅದೇ ಬಡಿಸಿದಳು. ಯಾರ ಚಹಾಕ್ಕಾದರೂ ನೀರು ಹೆಚ್ಚು ಬೆರೆಸಿದ್ದೆನೇ ಎಂದು ನೆನೆದಳು. ನೆನಪಾಯಿತು. ತಪ್ಪಾಯಿತು ಎಂದು ದೇವರಿಗೆ ಕೈಮುಗಿದಳು. ಆದರೂ ಕಾರು ಬರಲಿಲ್ಲ. ಹೀಗೇ ಆದರೆ ಒಲೆ ಆರಿಸಿ ಪಟ್ಟಣದ ತಂಗಿಯ ಮನೆ ಸೇರಬೇಕು. ತಂಗಿ ಒಳ್ಳೆಯವಳೇ. ಆದರೆ ಆ ಮನೆಯಲ್ಲಿ ಬಾಯಿ ಬಿಡುತ್ತಿದ್ದುದು ಟಿ.ವಿ. ಒಂದೇ.

"ಏನೇ, ಲೋಕಕ್ಕೆಲ್ಲ ದಾರಿ ಗೊತ್ತಾಗಿಬಿಡ್ತಾ?" ಎಂದಳು ಓರಗಿತ್ತಿ. ಬೆಂಚಕ್ಕ ಒರೆಸಿದ ಬೆಂಚನ್ನೇ ಮತ್ತೊಮ್ಮೆ ಒರೆಸಿದಳು.

ಅಂದು ಸಂಜೆ ಬಾಡಿಗೆಯವನು ಮೊಟ್ಟೆ ಸುಲಿಯುತ್ತ ಕೇಳಿದ, "ಗಮನಿಸಿದ್ರಾ ಅಕ್ಕ? ಈಗ ಕಾರುಗಳ ಕಾಟ ಇಲ್ಲ."

"ಅದೇ ಕಣಪ್ಪ, ಏನಾಯ್ತೋ."

"ನಾನೇ. ಆ ಸೇತುವೆನ ನಕ್ಷೆಯಿಂದ ತೆಗೆಸಿಬಿಟ್ಟೆ. ಫೋನು ಇನ್ಮೇಲೆ ಯಾರನ್ನೂ ಈ ಕಡೆ ಕಳಿಸಲ್ಲ. ನಿಮಗೆ ಹೇಳದೇ ಮಾಡೋಣ ಅಂತ ಸುಮ್ಮನಿದ್ದೆ."

ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಎಂಥ ಕೆಲಸ ಮಾಡಿದೆ ತಮ್ಮ. ನನ್ನ ಗಿರಾಕಿಗಳನ್ನೆಲ್ಲ ಸರಿದಾರಿಗೆ ತಂದುಬಿಟ್ಟೆಯಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಮೊಟ್ಟೆ ಗಂಟಲಲ್ಲೇ ನಿಂತಿತು. ನೀರು ಕುಡಿದು, "ನಿಮ್ಮ ಅಂಗಡಿನ ನಕ್ಷೆಗೆ ಹಾಕ್ತೀನಿ" ಎಂದ.

"ಗೊತ್ತಿದ್ದೂ ಗೊತ್ತಿದ್ದೂ ಒಂದು ಲೋಟ ಟೀಗೆ ಹೆದ್ದಾರಿ ಬಿಟ್ಟು ಯಾರು ಬರ್ತಾರೆ? ನಾನೇ ಬರಲ್ಲ."

ಅವನು ದನಿ ತಗ್ಗಿಸಿದ. "ಹಾಗಾದ್ರೆ ಸೇತುವೆನೇ ವಾಪಸ್ ಹಾಕಿಬಿಡ್ತೀನಿ. ಮೊದಲಿದ್ದ ತಪ್ಪೇ ತಾನೆ? ಒಂದು ಗೆರೆ ಎಳೆದರೆ ಆಯ್ತು. ಯಾರಿಗೂ ತಿಳಿಯಲ್ಲ."

ಹೂಂ ಎನ್ನುವ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿ, ಉರಿ ತಗ್ಗಿದ ಒಲೆಗೆ ಒಂದು ಕಟ್ಟಿಗೆ ಹಾಕಿದಳು.

"ಹೋದ ಚಳಿಗಾಲದಲ್ಲಿ ಒಬ್ಬ ಬಂದಿದ್ದ. ತಾಯಿ ಆಸ್ಪತ್ರೇಲಿ ಇದ್ದಳಂತೆ. ಟೀ ಬೇಡ ಅಂದ, ನೀರೂ ಬೇಡ ಅಂದ. ಕಾರು ತಿರುಗಿಸೋಕಾಗದೆ ಸ್ಟೀರಿಂಗಿಗೆ ಹಣೆ ಇಟ್ಕೊಂಡು ಕೂತುಬಿಟ್ಟ. ಹೊತ್ತಿಗೆ ಸರಿಯಾಗಿ ತಲುಪಿದ್ನೋ ಇಲ್ವೋ. ಅವತ್ತು ಯಾರದೋ ತಪ್ಪು ಅಂತ ನನಗೆ ನಿದ್ದೆ ಬಂತು. ನೀನು ನನಗೋಸ್ಕರ ಗೆರೆ ಎಳೆದ ಮೇಲೆ ಅದು ನನ್ನ ತಪ್ಪಾಗುತ್ತೆ. ಬೇಡ ತಮ್ಮ."

"ಮತ್ತೆ ಏನು ಮಾಡ್ತೀರಿ?"

"ನಾಳೆ ಬೆಂಚು, ಒಲೆ ಎಲ್ಲ ಹೆದ್ದಾರಿ ತಿರುವಿಗೆ ಸಾಗಿಸ್ತೀನಿ. ಸರಿದಾರೀಲಿ ಹೋಗೋರಿಗೂ ಹಸಿವು ಆಗದೇ ಇರುತ್ತಾ?"

"ನಾನೂ ಒಂದು ಕಡೆ ಹಿಡ್ಕೊಳ್ತೀನಿ ಅಕ್ಕ. ರಜೆ ಹಾಕ್ತೀನಿ."

"ನೀನು ಕೂತು ಮೊಟ್ಟೆ ತಿನ್ನು. ನಿನ್ನ ಉಪಕಾರ ಈ ವರ್ಷಕ್ಕೆ ಇಷ್ಟೇ ಸಾಕು."