ಬೆಂಕಿಗೆ ಹೋದ ಡಬ್ಬಿ

ಕಾಂಪೊಂಗ್ ಛ್ನಾಂಗಿನ ಈ ಕುಂಬಾರ ಕೇರಿಯಲ್ಲಿ ತಿಗರಿ ತಿರುಗುವುದಿಲ್ಲ, ಹೆಂಗಸು ತಿರುಗುತ್ತಾಳೆ. ನಸುಕಿನಲ್ಲೇ ಥಾವಿ ಗೂಟದ ಮೇಲೆ ಹಸಿ ಮಡಕೆ ಕೂರಿಸಿ, ಹಲಗೆಯಿಂದ ತಟ್ಟುತ್ತ, ಅದರ ಸುತ್ತ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿದ್ದಾಳೆ. ದಿನಕ್ಕೆ ಇಪ್ಪತ್ತು ಮಡಕೆ. ಮೊದಲ ಮಡಕೆಗೂ ಮುಂಚೆ ಒಂದು ಮಾತ್ರೆ. ಡಬ್ಬಿ ಸದ್ದು ಮಾಡದಿರಲೆಂದು ಒಳಗೆ ಹತ್ತಿ ತುರುಕಿದ್ದಾಳೆ.

ಅವಳಿಗೆ ಮೂವತ್ತೆಂಟು. ಎಚ್‌ಐವಿ ಇದೆಯೆಂದು ತಿಳಿದು ಮೂರು ವರ್ಷ. ಒಂದು ನೆಗಡಿಯೂ ಅವಳನ್ನು ಮಲಗಿಸಿಲ್ಲ. ಹೆಸರು ಬದಲಿಸಿದ್ದೇನೆ, ಮಾತು ಅವಳದೇ.

"ನೋವಾದ್ರೆ ಮುಲಾಮು ಹಚ್ತೀವಿ. ಏನೂ ಆಗದೇ ಇರೋದಕ್ಕೆ ದಿನಾ ಔಷಧಿ ನುಂಗೋದು ಬಲು ಕಷ್ಟ ಕಣ್ರಮ್ಮ. ಆ ಡಬ್ಬಿ ತೆಗೆದಾಗ ಮಾತ್ರ ನಾನು ರೋಗಿ."

ತಂಗಿ ರಾಥಾ ಪಕ್ಕದ ಮನೆಯವಳು. ಇಬ್ಬರ ಗಂಡಂದಿರೂ ದೂರದ ಮೀನುದೋಣಿಗಳಲ್ಲಿ ದುಡಿದವರು. ಅಕ್ಕತಂಗಿಯರಿಗೆ ಒಂದೇ ದಿನ ರಕ್ತಪರೀಕ್ಷೆಯಾಯಿತು, ಬಂದ ಉತ್ತರವೂ ಒಂದೇ. ಅತ್ತೆಯ ಕಣ್ಣಿಗೆ ಬೀಳದಿರಲೆಂದು ರಾಥಾ ತನ್ನ ಡಬ್ಬಿಯನ್ನು ನೆರಳಿನಲ್ಲಿ ಒಣಗಲಿಟ್ಟ ಮಡಕೆಯೊಂದರಲ್ಲಿ ಹುಲ್ಲು ಮುಚ್ಚಿ ಇಡುತ್ತಿದ್ದಳು. ಸುಡುವ ದಿನ ಯಾರ ಮಡಕೆಯನ್ನಾದರೂ ಯಾರಾದರೂ ಹೊರುವುದು ಇಲ್ಲಿಯ ರೂಢಿ. ಅವಳು ಸಂತೆಯಿಂದ ಬರುವಷ್ಟರಲ್ಲಿ ಕೇರಿಯ ಹೆಂಗಸರು ಎಲ್ಲವನ್ನೂ ಗದ್ದೆಗೆ ಸಾಗಿಸಿ ಬೆಂಕಿ ಇಟ್ಟಾಗಿತ್ತು.

ಮಾತ್ರೆ ಕೊಡುವ ಆಸ್ಪತ್ರೆಯ ನರ್ಸ್ ಮುಂದೆ ಏನೆಂದು ಹೇಳುವುದು? ಮೊದಲ ತಿಂಗಳು ರಾಥಾ ನಾಚಿಕೆಯಿಂದ ಹೋಗಲಿಲ್ಲ. ಆಮೇಲೆ, ಏನೂ ಆಗಲಿಲ್ಲವಲ್ಲ ಎಂದು ಹೋಗಲಿಲ್ಲ. ಔಷಧಿ ನಿಂತು ಈಗ ಎಂಟು ತಿಂಗಳು.

"ನನ್ನದರಲ್ಲೇ ಅರ್ಧ ಕೊಡೋಣ ಅಂದ್ಕೊಂಡೆ. ಇಬ್ಬರೂ ಕೆಡ್ತೀರಿ ಅಂತ ನರ್ಸ್ ಬೈದಳು" ಎನ್ನುತ್ತಾಳೆ ಥಾವಿ.

ಅಷ್ಟರಲ್ಲಿ ರಾಥಾ ಮಣ್ಣಿನ ಬುಟ್ಟಿ ಹೊತ್ತು ನಗುತ್ತ ಬರುತ್ತಾಳೆ. "ಅಕ್ಕಾ, ಔಷಧಿ ತಿನ್ನೋಳೂ ನೀನೇ, ಸೊರಗಿರೋಳೂ ನೀನೇ! ನನ್ನ ನೋಡು, ಎತ್ತಿನ ಹಾಗಿದೀನಿ."

"ಎತ್ತಿಗೆ ತನ್ನ ಹೊಟ್ಟೇಲಿ ಏನಿದೆ ಅಂತ ಗೊತ್ತಿರುತ್ತಾ? ನಾಳೆ ನನ್ನ ಜೊತೆ ಬಾ. ಬೆಂಕಿಗೆ ಹೋಯ್ತು ಅಂತ ನಾನೇ ಹೇಳ್ತೀನಿ."

"ಜ್ವರ ಬಂದ ದಿನ ಬರ್ತೀನಿ ಅಂದಿದೀನಲ್ಲ, ಬಿಡು."

ಬುಟ್ಟಿ ಇಳಿಸಿ, ಹಾಡು ಗುನುಗುತ್ತ ಹೊರಟೇಹೋಗುತ್ತಾಳೆ. ಥಾವಿ ಹಲಗೆ ಎತ್ತಿಕೊಂಡು ಮತ್ತೆ ಮಡಕೆಯ ಸುತ್ತ ನಡೆಯತೊಡಗುತ್ತಾಳೆ. ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ.

"ಮೊನ್ನೆ ವಿಹಾರದಲ್ಲಿ ಊದುಕಡ್ಡಿ ಹಚ್ಚಿ, ಅವಳಿಗೊಂದು ಸಣ್ಣ ಜ್ವರ ಬರಲಿ ಅಂತ ಬೇಡ್ಕೊಂಡು ಬಂದೆ. ಒಡಹುಟ್ಟಿದವಳಿಗೆ ಯಾರಾದ್ರೂ ಹಾಗೆ ಬೇಡ್ಕೋತಾರಾ, ನೀವೇ ಹೇಳಿ."